ಅಗೆಯುವ ಮುನ್ನ ಹೊಲವನ್ನು ಓದುವ ಬಗೆ

ಕಾಂತಮಾಪಕ ಹಿಡಿದು ನೆಲದೊಳಗಿನ ಹಳೆಯ ಕುರುಹುಗಳನ್ನು ಹುಡುಕಲು ಹೊರಟಿದ್ದರೆ, ಮೊದಲು ಬಳೆಗೆ ಸಿಕ್ಕಿಸಿದ ಪಿನ್ನನ್ನು ತೆಗೆದಿಡಿ. ಮೊಳಕಾಲ್ಮೂರು ಕಡೆಯ ಶೇಂಗಾ ಹೊಲವೊಂದರಲ್ಲಿ ನನ್ನ ಒಂದೇ ಪಿನ್ನು ಅರ್ಧ ದಿನದ ಅಳತೆಯನ್ನು ಕೆಡಿಸಿತು; ಕೈ ಆಡಿದಂತೆಲ್ಲ ನಕ್ಷೆಯಲ್ಲಿ ಪಟ್ಟೆಗಳು ಮೂಡಿದ್ದವು. ಕೀಲಿಕೈ, ಮೊಬೈಲ್, ಮೊಳೆ ಹೊಡೆದ ಚಪ್ಪಲಿ ಯಾವುದೂ ಮೈಮೇಲಿರಬಾರದು. ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ (ಕಾಂತಕ್ಷೇತ್ರ ಅಳೆಯುವ ಮಾನ). ಮುಚ್ಚಿಹೋದ ಹಗೇವೊಂದು, ಅಂದರೆ ಕಾಳು ತುಂಬಿಡುತ್ತಿದ್ದ ನೆಲಗುಂಡಿ, ಅದರಲ್ಲಿ ಮೂಡಿಸುವ ವ್ಯತ್ಯಾಸ ಕೆಲವೇ ನ್ಯಾನೋಟೆಸ್ಲಾ.

ಹಗೇವಿಗೆ ತುಂಬಿಕೊಂಡ ಮೇಲ್ಮಣ್ಣಿನಲ್ಲಿ ಕಾಂತಗುಣ ಹೆಚ್ಚು. ಕುಂಬಾರರ ಆವಿಗೆಯದು ಇನ್ನೂ ಬಲವಾದ ಗುರುತು: ಚೆನ್ನಾಗಿ ಬೆಂದ ಜೇಡಿಮಣ್ಣು ತಣಿಯುವಾಗ ಅಂದಿನ ಭೂಕಾಂತದ ದಿಕ್ಕನ್ನು ತನ್ನೊಳಗೆ ಉಳಿಸಿಕೊಳ್ಳುತ್ತದೆ. 1958ರಲ್ಲಿ ಇಂಗ್ಲೆಂಡಿನ ವಾಟರ್ ನ್ಯೂಟನ್‌ನಲ್ಲಿ ಭೌತವಿಜ್ಞಾನಿ ಮಾರ್ಟಿನ್ ಏಟ್ಕನ್ ರೋಮನ್ ಕಾಲದ ಆವಿಗೆಗಳನ್ನು ಪತ್ತೆ ಮಾಡಿದ್ದು ಇದರಿಂದಲೇ.

ಬೆಳೆ ಕೊಯ್ದ ಮೇಲೆ ಹೋಗಿ. ತಂತಿಬೇಲಿ, ವಿದ್ಯುತ್ ಕಂಬ, ಕೊಳವೆಬಾವಿಯ ಕಬ್ಬಿಣದ ಪೈಪಿನಿಂದ ದೂರವಿರಿ. 20 ಮೀಟರ್ ಚೌಕಗಳಿಗೆ ಮರದ ಗೂಟ ನೆಟ್ಟು, ಅರ್ಧ ಮೀಟರಿಗೊಂದು ಸಾಲಿನಂತೆ, ಉಪಕರಣದ ಎತ್ತರ ಬದಲಾಗದಂತೆ ಒಂದೇ ನಡಿಗೆಯಲ್ಲಿ ನಡೆಯಿರಿ.

ನಕ್ಷೆ ಓದುವಾಗ ಯುರೋಪಿನ ಕೈಪಿಡಿಗಳನ್ನು ಹಾಗೆಯೇ ನಂಬಬೇಡಿ. ಅಲ್ಲಿ ಕಾಂತರೇಖೆಗಳು ನೆಲಕ್ಕೆ ಕಡಿದಾಗಿ ಇಳಿಯುತ್ತವೆ, ಹಾಗಾಗಿ ಗುಂಡಿ ಬಹುಮಟ್ಟಿಗೆ ಒಂದೇ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ನಮ್ಮಲ್ಲಿ ಅವು ಹೆಚ್ಚುಕಡಿಮೆ ಅಡ್ಡವಾಗಿವೆ. ಫ್ಲಕ್ಸ್‌ಗೇಟ್ ಗ್ರೇಡಿಯೋಮೀಟರ್ ಎಂಬ ಈ ಕಾಂತಮಾಪಕದಲ್ಲಿ ಅದೇ ಗುಂಡಿ ದಕ್ಷಿಣಕ್ಕೆ ಕಪ್ಪು, ಉತ್ತರಕ್ಕೆ ಬಿಳಿ ಎಂಬ ಜೋಡಿಯಾಗುತ್ತದೆ. ಹಗೇವು ಇರುವುದು ಆ ಎರಡರ ನಡುವೆ. ಕಪ್ಪು ಚುಕ್ಕೆಗೇ ಗುದ್ದಲಿ ಹಾಕಿದರೆ ಪಕ್ಕಕ್ಕೆ ಬೀಳುತ್ತೀರಿ.

ಚಿತ್ರದುರ್ಗದ ಬಂಡೆಗಳೂ ದಿಕ್ಕು ತಪ್ಪಿಸುತ್ತವೆ. ಕಬ್ಬಿಣದ ಅದಿರಿನ ಪದರು, ನೆಲದೊಳಗೆ ತಾನಾಗಿ ಗೋಡೆಯಂತೆ ಮೂಡಿದ ಡಾಲರೈಟ್ ಎಂಬ ಕಪ್ಪು ಅಗ್ನಿಶಿಲೆ ಹೊಲದುದ್ದಕ್ಕೂ ಭಾರೀ ಏರಿಳಿತ ಕೊಡುತ್ತವೆ. ಮೊದಲೇ ಭೂವಿಜ್ಞಾನ ನಕ್ಷೆ ನೋಡಿಕೊಳ್ಳಿ, ಕಬ್ಬಿಣ ಕರಗಿಸಿದಾಗ ಉಳಿದು ನೆಲದ ಮೇಲೆ ಬಿದ್ದಿರುವ ಕಿಟ್ಟವನ್ನೂ ಗುರುತು ಹಾಕಿಕೊಳ್ಳಿ. ಕಿಟ್ಟ ಸಿಕ್ಕಿದ ಕಡೆ ಹಳೆಯ ಕುಲುಮೆ ಇರಬಹುದು, ಆಗ ನನಗೆ ಸಂತೋಷವೇ.

ಹೊಲದ ಯಜಮಾನರು "ಏನಮ್ಮಾ, ನಿಧಿ ತೋರಿಸುತ್ತದೆಯೇ?" ಎಂದು ಕೇಳುತ್ತಾರೆ. ಚಿನ್ನ ಈ ಉಪಕರಣಕ್ಕೆ ಕಾಣುವುದಿಲ್ಲವೆಂದು ಅಳತೆ ಶುರುಮಾಡುವ ಮೊದಲೇ ಹೇಳಿಬಿಡಿ. ಹೇಳದಿದ್ದರೆ ರಾತ್ರಿ ಯಾರೋ ಬಂದು ಅಗೆದುಹಾಕುತ್ತಾರೆ, ಎರಡು ಸಾವಿರ ವರ್ಷದ ಪದರು ಕಲಸಿಹೋಗುತ್ತದೆ. ಅದೇ ಕಾರಣಕ್ಕೆ ಸಂಜೆ ಗೂಟಗಳನ್ನೆಲ್ಲ ಕಿತ್ತುಬಿಡುತ್ತೇನೆ. ಚೌಕದ ಮೂಲೆಗಳು ಬಾಂದುಕಲ್ಲಿನಿಂದ ಎಷ್ಟು ಮೀಟರ್ ದೂರ ಎಂಬುದು ನನ್ನ ಪುಸ್ತಕದಲ್ಲಿ ಮಾತ್ರ ಇರುತ್ತದೆ.