ಪೆಟ್ಟಿಗೆಯಲ್ಲಿ ಇಲ್ಲದ ಕಲ್ಲು

ಕಣಿವೆ ಕಿರಿದಾಗಿತ್ತು, ಎರಡೂ ದಡಗಳಲ್ಲಿ ಬಂಡೆ ಎದ್ದು ಕಾಣುತ್ತಿತ್ತು. ವಿನ್ಯಾಸಕಾರರು ಆಗಲೇ ಕಮಾನು ಅಣೆಕಟ್ಟಿನ ನಕ್ಷೆ ಬರೆದಿದ್ದರು. ಭೂವಿಜ್ಞಾನಿಯಾದ ನನಗೆ ಮಾತ್ರ ನದಿಯ ಮೇಲೆ ಅನುಮಾನ. ಅಷ್ಟು ದೂರ ಗೆರೆ ಎಳೆದಂತೆ ನೇರವಾಗಿ ಹರಿಯುವ ನದಿ ಸಾಮಾನ್ಯವಾಗಿ ಬಂಡೆಯ ದುರ್ಬಲ ಪಟ್ಟಿಯನ್ನೇ ಹಿಡಿದು ಸಾಗಿರುತ್ತದೆ.

ಮೊದಲು ಕೊರೆದ ರಂಧ್ರಗಳೆಲ್ಲ ನೆಟ್ಟಗಿನವು, ವರದಿಗಳೂ ಚೆನ್ನಾಗಿದ್ದವು. ಆದರೆ ನೆಟ್ಟಗಿನ ರಂಧ್ರ ನೆಟ್ಟಗಿನ ಬಿರುಕಿನ ಪಕ್ಕದಲ್ಲೇ ಇಳಿದುಹೋಗಬಹುದು. ಹಟ ಹಿಡಿದು, ಎಡದಂಡೆಯಿಂದ ನದಿಯ ತಳದತ್ತ ಓರೆಯಾಗಿ ಒಂದನ್ನು ಕೊರೆಸಿದೆ.

ಕೊರೆದು ತೆಗೆದ ಕಲ್ಲಿನ ದಿಂಡುಗಳನ್ನು ಇಡುವ ಕೋರ್ ಪೆಟ್ಟಿಗೆ ನೋಡಲು ಸಾಲಾಗಿ, ಭರ್ತಿಯಾಗಿಯೇ ಇತ್ತು. ಟೇಪು ಹಿಡಿದಾಗ ಮೂರು ಮೀಟರ್ ಕೊರೆತಕ್ಕೆ ಸಿಕ್ಕಿದ್ದು 2.2 ಮೀಟರ್ ಕಲ್ಲು. ತುಂಡುಗಳನ್ನು ಒತ್ತರಿಸಿ ಜೋಡಿಸಿದ್ದರು. ಡ್ರಿಲ್ಲರ್‌ನನ್ನು ಕೇಳಿದೆ. "ಅಲ್ಲಿ ಬಿಟ್ಟ ನೀರು ಮೇಲೆ ಬರಲೇ ಇಲ್ಲ ಸಾರ್, ರಾಡು ತಾನಾಗಿ ಇಳಿದುಬಿಟ್ಟಿತು" ಎಂದ. ವರದಿಯಲ್ಲಿ ಆ ಮಾತೇ ಇರಲಿಲ್ಲ! ಅಂದಿನಿಂದ ನಾನು ಪೆಟ್ಟಿಗೆಗಿಂತ ಮೊದಲು ಡ್ರಿಲ್ಲರ್‌ನನ್ನು ನೋಡುತ್ತೇನೆ.

ಪಕ್ಕದಲ್ಲೇ, ಮೆತ್ತನೆಯ ಕಲ್ಲೂ ತೊಳೆದುಹೋಗದಂತೆ ಹಿಡಿಯುವ ಮೂರು ಕೊಳವೆಗಳ ಬ್ಯಾರೆಲ್ ಹಾಕಿ, ನಿಧಾನವಾಗಿ ಮತ್ತೆ ಕೊರೆಸಿದೆವು. ಕಾಣೆಯಾಗಿದ್ದ ಕಲ್ಲು ಈಗ ಬಂತು: ಕಂದು ಜೇಡಿ, ನಡುವೆ ನುಚ್ಚುಕಲ್ಲು. ಬೆರಳಲ್ಲಿ ಉಜ್ಜಿದರೆ ಸಾಬೂನಿನ ಜಾರು. ಒಡೆದರೆ ಒಳಗೆ ಹೊಳಪು, ಒಂದೇ ದಿಕ್ಕಿನ ಗೀರುಗಳು. ಸ್ತರಭಂಗ: ಬಂಡೆ ಸೀಳಿ, ಎರಡು ಬದಿಗಳು ಒಂದಕ್ಕೊಂದು ಉಜ್ಜಿ ಜಾರಿದ ಜಾಗ. ಜೇಡಿ ನೀರನ್ನು ತಡೆಯುತ್ತದೆ, ಸೋರುವುದು ಅದರ ಅಕ್ಕಪಕ್ಕದ ಪುಡಿಬಂಡೆ. ಅಲ್ಲಿ ನೀರಿನ ಪರೀಕ್ಷೆ 40 ಲೂಜಾನ್ ದಾಟಿತು. ಹತ್ತು ಬಾರ್ ಒತ್ತಡದಲ್ಲಿ ಮೀಟರಿಗೆ, ನಿಮಿಷಕ್ಕೆ ಒಂದು ಲೀಟರ್ ನೀರು ಹೋದರೆ ಒಂದು ಲೂಜಾನ್.

ಕಮಾನು ತನ್ನ ಹೊರೆಯನ್ನು ದಡಗಳಿಗೆ ದಾಟಿಸುತ್ತದೆ. ನಮ್ಮ ಸ್ತರಭಂಗ ಎಡದಂಡೆಯ ಅಡಿಗೇ ವಾಲಿತ್ತು. ಸಭೆಯಲ್ಲಿ ನಾನು ಫ್ರಾನ್ಸಿನ ಮಾಲ್ಪಾಸೆಯನ್ನು ನೆನಪಿಸಿದೆ. 1959ರ ಡಿಸೆಂಬರ್ 2ರ ರಾತ್ರಿ ಆ ಕಮಾನು ಅಣೆಕಟ್ಟು ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಸೋತದ್ದು ಕಾಂಕ್ರೀಟಲ್ಲ, ಎಡದಂಡೆಯ ನೈಸ್ ಬಂಡೆ. ಒಳಗೆ ನುಗ್ಗಿದ ನೀರಿನ ಒತ್ತಡ ಅದನ್ನು ಎತ್ತಿಹಾಕಿತ್ತು.

ಸ್ತರಭಂಗ ನದಿಯ ಗುಂಟವೇ ಇದ್ದುದರಿಂದ ಅಣೆಕಟ್ಟು ನದಿಯನ್ನು ದಾಟುವ ಗೆರೆಯನ್ನು ಮೇಲಕ್ಕೋ ಕೆಳಕ್ಕೋ ಸರಿಸಿದರೂ ಪ್ರಯೋಜನವಿರಲಿಲ್ಲ. ಬದಲಾಗಬೇಕಾದದ್ದು ಅಣೆಕಟ್ಟಿನ ಜಾತಿ. ತಳ ಅಲ್ಪಸ್ವಲ್ಪ ಕುಸಿದರೂ ಸಹಿಸಿಕೊಳ್ಳುವ, ನಡುವೆ ಜೇಡಿಗೋಡೆಯಿರುವ ಕಲ್ಲುರಾಶಿಯ ಅಣೆಕಟ್ಟಿಗೆ ಒಪ್ಪಿದರು. ಮೇಲಿದ್ದ ಹಳೆಯ ಮೆಕ್ಕಲು ಪದರ ಎಲ್ಲೂ ತುಂಡಾಗಿರಲಿಲ್ಲ, ಅಂದರೆ ಸ್ತರಭಂಗ ಈಚೆಗೆ ಅಲುಗಿದ್ದಲ್ಲ. ಅಲುಗಿದ್ದಿದ್ದರೆ ಜಾಗವನ್ನೇ ಬಿಡಿ ಎನ್ನುತ್ತಿದ್ದೆ.

ಅಡಿಪಾಯ ಅಗೆದಾಗ ಜೇಡಿಪಟ್ಟಿ 2.1 ಮೀಟರ್ ಅಗಲ ಇತ್ತು, ನನ್ನ ಅಂದಾಜು 1.5. ಅಗಲದ ಎರಡು ಪಟ್ಟು ಆಳಕ್ಕೆ ಕೆರೆದು ಕಾಂಕ್ರೀಟ್ ತುಂಬಿಸಿದೆವು. ಹುಳುಕು ಹಲ್ಲಿನ ಚಿಕಿತ್ಸೆಯಂತೆಯೇ ಇರುವುದರಿಂದ ನಮ್ಮವರು ಇದನ್ನು ಡೆಂಟಲ್ ಟ್ರೀಟ್‌ಮೆಂಟ್ ಎನ್ನುತ್ತಾರೆ. ಮಣ್ಣು ಕೊಚ್ಚಿಹೋಗದಂತೆ ಜೇಡಿಗೋಡೆಯ ಕೆಳಬದಿಗೆ ಮರಳಿನ ಸೋಸುಪದರ ಹಾಕಿದೆವು. ಆ ಓರೆ ರಂಧ್ರದ ಪೆಟ್ಟಿಗೆಯನ್ನು ಮಾತ್ರ ಯಾರಿಗೂ ಎಸೆಯಲು ಬಿಟ್ಟಿಲ್ಲ. 80 ಸೆಂಟಿಮೀಟರ್ ಖಾಲಿ ಜಾಗವನ್ನು ಹಾಗೆಯೇ ಬಿಟ್ಟು ತುಂಡುಗಳನ್ನು ಮತ್ತೆ ಜೋಡಿಸಿಟ್ಟಿದ್ದೇನೆ.