ಬೆಕ್ಕು ಏಳುವ ಹೊತ್ತು

ಪಶುವೈದ್ಯ ಪದವಿ ಮುಗಿಸಿ ಬಂದ ಹೊಸದರಲ್ಲಿ ಬೆಕ್ಕಿನ ಶಸ್ತ್ರಚಿಕಿತ್ಸೆಗೆ ನಾನು ನೆಚ್ಚಿಕೊಂಡಿದ್ದದ್ದು ಒಂದೇ ಜೋಡಿ: ಮಂಪರು ತರಿಸುವ ಕ್ಸೈಲಜಿನ್ ಮತ್ತು ಅರಿವಳಿಕೆಯ ಮದ್ದು ಕೆಟಮಿನ್. ಬೆಕ್ಕಿನ ತೂಕದ ಕಿಲೋಗೆ ಕ್ಸೈಲಜಿನ್ 1 ಮಿಲಿಗ್ರಾಂ, ಕೆಟಮಿನ್ 10 ಮಿಲಿಗ್ರಾಂ; ಒಂದೇ ಸಿರಿಂಜಿನಲ್ಲಿ ಎಳೆದು ತೊಡೆಯ ಸ್ನಾಯುವಿಗೆ ಚುಚ್ಚಿದರೆ ಕೆಲವೇ ನಿಮಿಷದಲ್ಲಿ ಬೆಕ್ಕು ಮಲಗುತ್ತಿತ್ತು. ಮಲಗುವ ಮುನ್ನ ಒಮ್ಮೊಮ್ಮೆ ವಾಂತಿ. ರಾತ್ರಿಯಿಂದ ಏನೂ ಹಾಕಿಲ್ಲ ಎಂದು ಆಣೆಯಿಟ್ಟ ಮನೆಯವರ ಎದುರಿಗೇ ಮೀನಿನ ಚೂರುಗಳು ಮೇಜಿನ ಮೇಲೆ ಬಂದು ಬೀಳುತ್ತಿದ್ದವು.

ಪೆಟ್ಟು ತಿಂದದ್ದು ಒಂದು ಗಂಡು ಬೆಕ್ಕಿನ ಬೀಜ ತೆಗೆದ ದಿನ. ಕೆಲಸ ಹತ್ತೇ ನಿಮಿಷದಲ್ಲಿ ಮುಗಿಯಿತು, ಹೊರಗೆ ಇನ್ನೂ ನಾಲ್ಕು ಬುಟ್ಟಿಗಳು ಕಾಯುತ್ತಿದ್ದವು. ಬೇಗ ಎಬ್ಬಿಸೋಣವೆಂದು ಯೋಹಿಂಬಿನ್ ಕೊಟ್ಟೆ. ಯೋಹಿಂಬಿನ್ ಇಳಿಸುವುದು ಕ್ಸೈಲಜಿನ್ನನ್ನು ಮಾತ್ರ. ಕೆಟಮಿನ್ ಮೈಯಲ್ಲಿ ಹಾಗೇ ಉಳಿದಿರುತ್ತದೆ. ಬೆಕ್ಕಿನ ಕಾಲುಗಳು ಸೆಟೆದವು, ತಲೆ ತೂಗತೊಡಗಿತು, ಪಂಜರದ ಸರಳಿಗೆ ಮೂತಿ ಬಡಿದುಕೊಂಡಿತು. ಪರೀಕ್ಷೆಗೆ ಓದಿ ಬರೆದಿದ್ದ ವಿಷಯವೇ, ನೆನಪಾಗಲಿಲ್ಲ ಅಷ್ಟೆ. ಈಗ ಕೆಟಮಿನ್ ಕೊಟ್ಟು ಕನಿಷ್ಠ 40 ನಿಮಿಷ ಕಳೆಯದೆ ಎಬ್ಬಿಸುವ ಮದ್ದನ್ನು ಮುಟ್ಟುವುದಿಲ್ಲ.

ಆಮೇಲೆ ಕ್ಸೈಲಜಿನ್ ಬಿಟ್ಟು ಅದೇ ಬಗೆಯ ಡೆಕ್ಸ್‌ಮೆಡೆಟೊಮಿಡಿನ್ ಕಡೆಗೆ ಹೊರಳಿದೆ. ಹೆಣ್ಣು ಬೆಕ್ಕಿನ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಅದು ಕಿಲೋಗೆ 15 ಮೈಕ್ರೋಗ್ರಾಂ, ಕೆಟಮಿನ್ 5 ಮಿಲಿಗ್ರಾಂ, ನೋವಿಗೆ ಬ್ಯುಟಾರ್ಫನಾಲ್ 0.2 ಮಿಲಿಗ್ರಾಂ. ಕೆಟಮಿನ್ ಅರ್ಧಕ್ಕಿಳಿದದ್ದೇ ನನಗೆ ದೊಡ್ಡ ಲಾಭ. ಎಚ್ಚರಾಗುವಾಗಿನ ಹುಚ್ಚಾಟ ಎದ್ದು ಕಾಣುವಷ್ಟು ತಗ್ಗಿತು. ಹೊಟ್ಟೆಯೊಳಗೆ ಅಂಡಾಶಯವನ್ನು ಎಳೆಯುವಾಗ ಬೆಕ್ಕು ಕದಲುವುದೂ ಕಡಿಮೆ. ಮೊದಲ ಸಲ ಮಾತ್ರ ಹೆದರಿದ್ದೆ: ಒಸಡು ಬಿಳಿಚಿ, ಎದೆಬಡಿತ ನೂರಕ್ಕೂ ಕೆಳಗೆ ಬಂತು. ಈ ಔಷಧಿ ರಕ್ತನಾಳಗಳನ್ನು ಬಿಗಿಯುತ್ತದೆ, ಒತ್ತಡ ಏರುತ್ತದೆ, ಅದಕ್ಕೆ ಹೃದಯ ನಿಧಾನವಾಗುತ್ತದೆ. ಗಾಬರಿಯಲ್ಲಿ ಎದೆಬಡಿತ ಏರಿಸುವ ಅಟ್ರೋಪಿನ್ ಚುಚ್ಚಿದರೆ ಏರಿದ ಒತ್ತಡ ಇನ್ನೂ ಏರುತ್ತದೆ. ಬ್ಯುಟಾರ್ಫನಾಲ್‌ನ ನೋವುಶಮನ ಬೇಗ ಇಳಿಯುವುದರಿಂದ ಮೆಲಾಕ್ಸಿಕಾಮ್ ಎಂಬ ಇನ್ನೊಂದು ನೋವಿನ ಮದ್ದನ್ನೂ ಕೊಡುತ್ತೇನೆ, ಮೂತ್ರಪಿಂಡ ಸರಿಯಿದ್ದರೆ.

ಹೃದಯ ಸೋತ ಮುದಿ ಬೆಕ್ಕಿಗೆ ಈ ಎರಡೂ ಜೋಡಣೆ ಬೇಡ. ಅಂಥವಕ್ಕೆ ಸಣ್ಣ ಕೆಲಸಕ್ಕಾದರೆ ಬ್ಯುಟಾರ್ಫನಾಲ್ ಜೊತೆ ಮಂಪರಿನ ಮದ್ದು ಮಿಡಜೋಲಮ್, ಆಮೇಲೆ ಅರಿವಳಿಕೆಯ ಪ್ರೊಪೊಫಾಲ್ ಬೇಕಾದಷ್ಟೇ ನಿಧಾನವಾಗಿ ರಕ್ತನಾಳಕ್ಕೆ. ಪ್ರೊಪೊಫಾಲ್ ಸರಸರ ಕೊಟ್ಟರೆ ಉಸಿರೇ ನಿಲ್ಲಬಹುದು, ಹಾಗಾಗಿ ಗಂಟಲ ಕೊಳವೆ ಮತ್ತು ಆಮ್ಲಜನಕ ಪಕ್ಕದಲ್ಲೇ ಇರಬೇಕು. ಮಿಡಜೋಲಮ್ ಒಂದನ್ನೇ ಗಟ್ಟಿಮುಟ್ಟಾದ ಬೆಕ್ಕಿಗೆ ಕೊಟ್ಟು ನೋಡಿದ್ದೇನೆ. ಮಂಪರು ಹತ್ತುವ ಬದಲು ರೇಗಿ ನನ್ನ ಮುಂಗೈ ಪರಚಿತು.

ಯಾವುದನ್ನು ಕೊಟ್ಟರೂ ಕಣ್ಣಿಗೆ ಮುಲಾಮು ತಪ್ಪಿಸುವುದಿಲ್ಲ. ಕೆಟಮಿನ್‌ನಲ್ಲಿ ಕಣ್ಣು ತೆರೆದೇ ಇದ್ದು ಒಣಗುತ್ತದೆ. ಮೈ ಕಾವು 38 ಡಿಗ್ರಿಗೆ ಮರಳುವವರೆಗೆ ಬಿಸಿನೀರಿನ ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ ಮಗ್ಗುಲಿಗಿಡುತ್ತೇನೆ. ಪಂಜರಕ್ಕೆ ಬಟ್ಟೆ ಹೊದಿಸಿ, ಕೋಣೆಯ ದೀಪ ಆರಿಸಿ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಹೊರಗಿನ ಬುಟ್ಟಿಗಳು ಕಾಯಲಿ.