ಹೆಂಗದ ಅಂತ ಸಂಜೆಗೆ ಕೇಳು

ಬೆಳಿಗ್ಗೆ ಎಂಟು ಗಂಟೆ. ನಾನು ರೊಟ್ಟಿ ಬಡಿಯುತ್ತಿದ್ದೆ. ಸೊಸೆ ಓಡಿ ಬಂದು ಮಣಿಕಟ್ಟನ್ನು ನನ್ನ ಮೂಗಿಗೆ ಹಿಡಿದಳು. "ಅತ್ತಿ, ಇದು ಹೆಂಗದ ನೋಡ್ರಿ. ಗುಲಾಬಿ ಸೆಂಟ್. ತಗೊಳ್ಳಲೇನು?" ಹಂಚಿನ ಮೇಲೆ ರೊಟ್ಟಿ, ಕೈ ತುಂಬ ಜೋಳದ ಹಿಟ್ಟು, ಮೂಗಿನ ತುಂಬ ಲಿಚಿ ಹಣ್ಣು. ಗುಲಾಬಿ ಎಲ್ಲೂ ಕಾಣಲಿಲ್ಲ. "ಸಂಜಿಗೆ ಕೇಳವ್ವಾ" ಅಂದೆ. ಅವಳ ಮುಖ ಸಣ್ಣದಾಯಿತು.

ನಾನೇನೂ ಬಿಗುಮಾನ ಮಾಡಲಿಲ್ಲ. ಹಚ್ಚಿಕೊಂಡು ಐದು ನಿಮಿಷವಾದ ಸೆಂಟಿನ ಬಗ್ಗೆ ತೀರ್ಪು ಕೊಡುವುದು, ಕನ್ಯಾ ನೋಡಲು ಬಂದವರು ಉಪ್ಪಿಟ್ಟು ತಿಂದ ಕೈಯಲ್ಲೇ ಸಂಬಂಧ ಗಟ್ಟಿ ಮಾಡಿದ ಹಾಗೆ. ಉಪ್ಪಿಟ್ಟು ಚಲೋ ಇರುತ್ತದೆ, ಅದರಲ್ಲಿ ಸಂಶಯ ಇಲ್ಲ.

ಸೆಂಟ್ ಅಂದರೆ ಒಂದೇ ವಾಸನೆ ಅಲ್ಲ. ಸ್ಪಿರಿಟ್‌ನಲ್ಲಿ ಕರಗಿಸಿದ ಹತ್ತಾರು ವಾಸನೆಗಳು. ಹಗುರ ಇರುವುದು ಮೊದಲು ಹಾರುತ್ತದೆ, ಭಾರ ಇರುವುದು ಕೊನೆತನಕ ಕೂತಿರುತ್ತದೆ. ಹಣ್ಣು ಬೆರೆತ ಗುಲಾಬಿ ಸೆಂಟಿನಲ್ಲಿ ಮೊದಲ ಹತ್ತು ಹದಿನೈದು ನಿಮಿಷ ಲಿಚಿ, ಪಿಯರ್, ಕಿತ್ತಳೆ ಸಿಪ್ಪೆ ಇವುಗಳದ್ದೇ ಗದ್ದಲ. ಆಮೇಲೆ ಗುಲಾಬಿ ಬರುತ್ತದೆ, ಎರಡು ಮೂರು ತಾಸು ಇರುತ್ತದೆ. ಕೊನೆಗೆ ಉಳಿಯುವುದು ಕಸ್ತೂರಿ, ಗಂಧ, ಪಚೋಲಿ ಎಲೆ, ವೆನಿಲ್ಲಾ ಇಂಥವು. ಪೀಚ್ ಮತ್ತು ರಾಸ್ಬೆರಿ ಮಾತ್ರ ಸ್ವಲ್ಪ ಹಟಮಾರಿ ಹಣ್ಣುಗಳು, ಗುಲಾಬಿ ಜೊತೆ ಕೂತು, ಅದು ಹೋದ ಮೇಲೂ ಸಂಜೆವರೆಗೆ ಇರಬಲ್ಲವು. ಅಂಗಡಿಯಲ್ಲಿ ನಮ್ಮನ್ನು ಮರುಳು ಮಾಡುವುದು ಆ ಮೊದಲ ಹದಿನೈದು ನಿಮಿಷ. ದುಡ್ಡು ಕೊಟ್ಟು ಮನೆಗೆ ತಂದ ಮೇಲೆ ದಿನಾ ಜೊತೆಗಿರುವುದು ಉಳಿದ ಐದಾರು ತಾಸಿನದು.

ಇನ್ನೊಂದು ಮಜಾ ಕೇಳಿ. ಗುಲಾಬಿಗೆ ಹಣ್ಣು ಬೆರೆಸುವುದು ಈಗಿನವರ ಹುಚ್ಚು ಅಂತ ನನ್ನ ವಾರಿಗೆಯವರು ಮೂಗು ಮುರಿಯುತ್ತಾರೆ. ಆದರೆ ಸೇಬು, ಪಿಯರ್, ಪೀಚ್, ರಾಸ್ಬೆರಿ, ಸ್ಟ್ರಾಬೆರಿ ಎಲ್ಲ ಗುಲಾಬಿಯ ಕುಟುಂಬದ ಗಿಡಗಳೇ. ಸಸ್ಯಶಾಸ್ತ್ರದವರು ಅವನ್ನು ಒಂದೇ ಮನೆಯವರು ಅಂತಲೇ ಎಣಿಸುತ್ತಾರೆ. ಲಿಚಿ ಮಾತ್ರ ಬೇರೆ ಮನೆಯದು. ಆದರೂ ಗುಲಾಬಿ ಎಣ್ಣೆಯಲ್ಲಿರುವ ಒಂದು ಪರಿಮಳದ ಅಂಶ ಲಿಚಿಯಲ್ಲೂ ಇದೆ. ಅದಕ್ಕೇ ಲಿಚಿ ತಿಂದಾಗ ಪನ್ನೀರು ಕುಡಿದ ಹಾಗಾಗುತ್ತದೆ. ಗುಲಾಬಿ ಎಣ್ಣೆಯೊಳಗೂ ಡಮಾಸ್ಕೆನೋನ್ ಅನ್ನುವ ಒಂದು ಅಂಶ ಇದೆ. ಚಿಟಿಕೆಗೂ ಕಡಿಮೆ, ಆದರೆ ಮಾಗಿದ ಹಣ್ಣಿನ ಹಾಗೆ ಘಮ್ಮೆನ್ನುತ್ತದೆ. ಹಾಗಾಗಿ ಹಣ್ಣು ಗುಲಾಬಿಗೆ ಹೊಂದುತ್ತದೋ ಇಲ್ಲವೋ ಅಂತ ಕೇಳಬೇಕಾಗಿಲ್ಲ, ಹಣ್ಣು ಜಾಸ್ತಿ ಆಯಿತೋ ಹೇಗೆ ಅಂತ ಕೇಳಬೇಕು.

"ಒರಿಜಿನಲ್ ಗುಲಾಬಿ ಎಣ್ಣೆ ಹಾಕಿದ್ದಾರೆ" ಅಂತ ಅಂಗಡಿಯವನು ಹೇಳಿದರೆ ಸುಮ್ನೆ ನಕ್ಕುಬಿಡಿ. ಬಲ್ಗೇರಿಯಾದಲ್ಲಿ, ಟರ್ಕಿಯಲ್ಲಿ ಎಕರೆಗಟ್ಟಲೆ ಗುಲಾಬಿ ಬೆಳೆದು ಬೆಳಗಿನ ಜಾವವೇ ಕಿತ್ತು ಭಟ್ಟಿ ಇಳಿಸುತ್ತಾರೆ. ಒಂದು ಕಿಲೋ ಎಣ್ಣೆಗೆ ಮೂರು ನಾಲ್ಕು ಸಾವಿರ ಕಿಲೋ ಹೂ ಬೇಕು. ಏಳುನೂರು ರೂಪಾಯಿ ಬಾಟಲಿಯಲ್ಲಿ ಅದು ಎಲ್ಲಿಂದ ಬಂತು? ಲಿಚಿ, ಪಿಯರ್ ಇವುಗಳಿಂದಲಂತೂ ಸೆಂಟಿಗೆ ಆಗುವಂಥ ಎಣ್ಣೆ ಇಳಿಯುವುದೇ ಇಲ್ಲ, ಅವುಗಳ ವಾಸನೆ ಪೂರ್ತಿ ಪ್ರಯೋಗಾಲಯದ್ದು. ಅದರಲ್ಲಿ ತಪ್ಪೇನಿಲ್ಲ. ಚೆನ್ನಾಗಿ ಮಾಡಿದ್ದರೆ ಸಾಕು. ಸುಳ್ಳು ಹೇಳಿ ಜಾಸ್ತಿ ದುಡ್ಡು ಕೇಳಬಾರದು, ಅಷ್ಟೇ.

ಚೆನ್ನಾಗಿ ಮಾಡಿದ್ದಾರೋ ಇಲ್ಲವೋ ಅಂತ ತಿಳಿಯಬೇಕಾದರೆ ಮೊದಲು ಮೂಗಿಗೆ ಗುಲಾಬಿ ನೆನಪಿರಬೇಕು. ಬೊಕೆಯಲ್ಲಿ ಬರುವ ಉದ್ದ ದಂಟಿನ ಕೆಂಪು ಹೂ ಮೂಸಿ ನೋಡಿ, ವಾಸನೆ ಇಲ್ಲವೇ ಇಲ್ಲ. ಬಾಡದೆ ನಾಲ್ಕು ದಿನ ಇರಲಿ ಅಂತ ತಳಿ ಮಾಡುತ್ತ ಮಾಡುತ್ತ ಘಮ ಬಿಟ್ಟುಹೋಗಿದೆ. ಈಗಿನ ಹುಡುಗಿಯರಿಗೆ ಗುಲಾಬಿ ಅಂದರೆ ಫಾಲೂದಾದ ಶರಬತ್ತು, ಇಲ್ಲಾ ಊದಿನಕಡ್ಡಿ. ನಮ್ಮ ಹಿತ್ತಲಿನ ಕುಂಡದಲ್ಲಿ ಒಂದು ಜವಾರಿ ಗುಲಾಬಿ ಇದೆ. ನಲ್ಲಿ ನೀರು ಬಂದ ದಿನ ಮೊದಲ ಕೊಡ ಅದಕ್ಕೇ. ಬೆಳಿಗ್ಗೆ ಬಿಸಿಲು ಏರುವ ಮೊದಲು ಅದನ್ನು ಮೂಸಿದರೆ ಮೊದಲು ಒಂದಿಷ್ಟು ನಿಂಬೆಯ ಚುರುಕು, ಆಮೇಲೆ ಜೇನು, ಹಿಂದೆ ಎಲ್ಲೋ ಲವಂಗದ ಎಳೆ. ಈ ಮೂರರಲ್ಲಿ ಎರಡಾದರೂ ಸೆಂಟಿನಲ್ಲಿ ಸಿಕ್ಕರೆ ಅದು ಗುಲಾಬಿ. ಬರೀ ಸಿಹಿ ಸಿಕ್ಕರೆ ಅದು ಶರಬತ್ತು.

ಅಂಗಡಿಗೆ ಹೋಗುವಾಗ ಏನೂ ಹಚ್ಚಿಕೊಳ್ಳದೆ ಹೋಗಿ, ಪೌಡರ್ ಕೂಡ ಬೇಡ. ಕಾಗದದ ಪಟ್ಟಿ ಕೊಡುತ್ತಾರೆ. ಅದರ ಮೇಲೆ ಹೊಡೆಸಿ, ಪೆನ್ನಿನಲ್ಲಿ ಹೆಸರು ಬರೆದಿಟ್ಟುಕೊಳ್ಳಿ. ಮೂರಕ್ಕಿಂತ ಜಾಸ್ತಿ ಮೂಸಬೇಡಿ, ನಾಲ್ಕನೆಯದಕ್ಕೆ ಮೂಗು ಸೋತಿರುತ್ತದೆ. ಕೆಲವು ಕಡೆ ಕಾಫಿ ಬೀಜದ ಡಬ್ಬಿ ಮುಂದೆ ಹಿಡಿಯುತ್ತಾರೆ. ಅದು ಇನ್ನೊಂದು ವಾಸನೆ ಆಯಿತೇ ಹೊರತು ಮೂಗಿಗೆ ಬಿಡುವು ಆಗಲಿಲ್ಲ. ನಿಮ್ಮದೇ ಸೆರಗು ಮೂಸಿ, ಇಲ್ಲಾ ಹೊರಗೆ ಹೋಗಿ ಒಂದು ಚಹಾ ಕುಡಿದು ಬನ್ನಿ. ಪಟ್ಟಿಯಲ್ಲಿ ಮನಸ್ಸಿಗೆ ಬಂದದ್ದನ್ನು ಒಂದೇ ಒಂದು ಸಲ ಮೊಣಕೈಯ ಒಳಮಡಿಕೆಗೆ ಹೊಡೆಸಿಕೊಂಡು ಮನೆಗೆ ಬಂದುಬಿಡಿ. ಕಾಗದದ ಮೇಲಿನ ಸೆಂಟೇ ಬೇರೆ, ಮೈ ಮೇಲಿನದೇ ಬೇರೆ. ಮರುದಿನದವರೆಗೆ ಅಲ್ಲಿ ತುರಿಕೆ, ಕೆಂಪು ಕಾಣಿಸಿದರೆ ಆ ಸೆಂಟಿನ ಹೆಸರನ್ನೇ ಎತ್ತಬೇಡಿ. ಗುಲಾಬಿ ವಾಸನೆ ಕೊಡುವ ಜೆರಾನಿಯೋಲ್, ಸಿಟ್ರೊನೆಲ್ಲೋಲ್ ಅನ್ನುವ ಅಂಶಗಳು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಕೆಲವು ಡಬ್ಬಿಗಳ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ.

ಸೊಸೆ ಸಂಜೆ ಆರಕ್ಕೆ ಶಾಲೆಯಿಂದ ಬಂದಳು. ನಾನೇ ಕೈ ಎಳೆದು ಮೂಸಿದೆ. ಲಿಚಿ ಮುಗಿದಿತ್ತು. ಗುಲಾಬಿಯೂ ಮುಗಿದಿತ್ತು. ಉಳಿದದ್ದು ಸಕ್ಕರೆ ಪಾಕ. ಸಿದ್ಧೇಶ್ವರ ಜಾತ್ರೆಯಲ್ಲಿ ಬಾಂಬೆ ಮಿಠಾಯಿ ಗಾಡಿ ಹತ್ತಿರ ನಿಂತರೆ ಬರುತ್ತದಲ್ವಾ, ಥೇಟ್ ಅದು. ಈಥೈಲ್ ಮಾಲ್ಟಾಲ್ ಅಂತ ಒಂದು ಪದಾರ್ಥ, ಸುಟ್ಟ ಸಕ್ಕರೆಯ ವಾಸನೆ ಕೊಡುತ್ತದೆ. ಕೈ ಸಡಿಲ ಬಿಟ್ಟು ಹಾಕಿದರೆ ಎಲ್ಲ ಹಣ್ಣಿನ ಸೆಂಟೂ ಕೊನೆಗೆ ಇದೇ ಆಗುತ್ತದೆ. "ನನಗ ಸೇರ್ತದ್ರೀ" ಅಂದಳು. ಸೇರಿದರೆ ಸೇರಲಿ, ಮೈ ಅವಳದು. ಆದರೆ ಗುಲಾಬಿ ಸೆಂಟ್ ಬೇಕು ಅಂತ ಹೊರಟವಳು ಮಿಠಾಯಿ ತಂದಳು ಅನ್ನುವುದು ಅವಳಿಗೆ ಗೊತ್ತಿರಬೇಕು. ಇನ್ನೊಂದು ಸ್ಯಾಂಪಲ್ ಶೀಶೆ ಇತ್ತು, ಎರಡು ಎಂಎಲ್‌ದು. ಅದನ್ನು ಮರುದಿನ ಹಚ್ಚಿಕೊಂಡು ಹೋದಳು. ಸಂಜೆಗೆ ದುಪಟ್ಟಾದಲ್ಲಿ ಒಗೆದು ಒಣಗಿಸಿದ ಬಟ್ಟೆಯ ಹಿತವಾದ ವಾಸನೆ, ಅದರ ಕೆಳಗೆ ಒಣಗಿದ ಗುಲಾಬಿ ಎಸಳು. ನನ್ನ ಮತ ಅದಕ್ಕೆ.

ಇನ್ನು ಹಚ್ಚಿಕೊಳ್ಳುವ ಮಾತು. ಎಲ್ಲರೂ ಮಣಿಕಟ್ಟು ಅನ್ನುತ್ತಾರೆ. ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುವ, ಬೆಳ್ಳುಳ್ಳಿ ಸುಲಿಯುವ ಹೆಂಗಸಿಗೆ ಮಣಿಕಟ್ಟು ಏನು ಪ್ರಯೋಜನ? ಮೊಣಕೈ ಒಳಗೆ ಒಂದು, ಜಡೆಯ ಕೆಳಗೆ ಕತ್ತಿನ ಹಿಂದೆ ಒಂದು, ಸಾಕು. ಗೇಣುದ್ದ ದೂರದಿಂದ ಹೊಡೆಯಿರಿ. ಸ್ನಾನ ಮಾಡಿ ಮೈ ಒರೆಸಿಕೊಂಡ ಮೇಲೆ ಹಚ್ಚಿ, ಬೆವರಿನ ಮೇಲೆ ಬೇಡ. ನಮ್ಮ ವಿಜಯಪುರದ ಒಣಹವೆಗೆ ಮೈ ಚರಚರ ಅನ್ನುತ್ತಿರುತ್ತದೆ, ಒಣಚರ್ಮದ ಮೇಲೆ ಸೆಂಟ್ ನಿಲ್ಲುವುದಿಲ್ಲ. ಮೊದಲು ಆ ಜಾಗಕ್ಕೆ ಒಂದು ಬೆರಳು ವ್ಯಾಸಲೀನ್ ಸವರಿ, ಒಂದು ತಾಸಾದರೂ ಜಾಸ್ತಿ ಇರುತ್ತದೆ. ಕೊಬ್ಬರಿ ಎಣ್ಣೆ ಬೇಡ, ಅದರದೇ ವಾಸನೆ ಇದೆ. ಹಚ್ಚಿ ಉಜ್ಜಬೇಡಿ, ಬಿಸಿಗೆ ಹಣ್ಣಿನ ವಾಸನೆ ಇನ್ನೂ ಬೇಗ ಹಾರುತ್ತದೆ. ಸೆಂಟ್ ಅಂದರೆ ಮುಕ್ಕಾಲು ಪಾಲು ಸ್ಪಿರಿಟ್, ಅದು ಒಣಗುವವರೆಗೆ ಒಲೆ, ದೇವರ ದೀಪದ ಹತ್ತಿರ ಹೋಗಬೇಡಿ.

ಸಾಬೂನು ಒಂದು, ತಲೆಗೆ ಎಣ್ಣೆ ಒಂದು, ಪೌಡರ್ ಒಂದು, ಮೇಲೆ ಸೆಂಟ್ ಒಂದು ಆದರೆ ಮೈಯೆಲ್ಲ ಸಂತೆ. ಗುಲಾಬಿ ಹಚ್ಚುವ ದಿನ ಗಂಧದ ಸಾಬೂನು ಇರಲಿ, ಅವೆರಡೂ ಕೂಡಿ ಬಾಳುತ್ತವೆ. ಪೌಡರ್ ಬಿಡಿ. ಹೂ ಮುಡಿಯುವುದಾದರೆ ಅಬ್ಬಲಿಗೆ ಮುಡಿಯಿರಿ, ಅದಕ್ಕೆ ವಾಸನೆ ಇಲ್ಲ, ಜಗಳ ಇಲ್ಲ. ಮಲ್ಲಿಗೆ ಮುಡಿದ ದಿನ ಸೆಂಟಿಗೆ ರಜೆ. ಮಲ್ಲಿಗೆ ಮುಂದೆ ಯಾವ ಬಾಟಲಿಯೂ ನಿಲ್ಲುವುದಿಲ್ಲ, ಸುಮ್ನೆ ಖರ್ಚು.

ಬಟ್ಟೆ ಮೇಲೆ ಹೊಡೆದರೆ ಜಾಸ್ತಿ ಹೊತ್ತು ಇರುತ್ತದೆ ಅನ್ನುವುದು ನಿಜ. ಹತ್ತಿ ದುಪಟ್ಟಾ ಆದರೆ ಅಡ್ಡಿಯಿಲ್ಲ. ರೇಷ್ಮೆಗೆ ಮಾತ್ರ ಬೇಡವೇ ಬೇಡ. ಬಾಗಲಕೋಟೆಯಲ್ಲಿ ಅಣ್ಣನ ಮಗನ ಮದುವೆ. ನನ್ನ ಇಳಕಲ್ ಸೀರೆ, ಒಡಲು ಹತ್ತಿಯದು, ತೆನಿ ಸೆರಗು ಕೆಂಪು ರೇಷ್ಮೆಯದು. ಅಕ್ಷತೆಗೆ ಹೊತ್ತಾಯಿತು ಅಂತ ಗಡಿಬಿಡಿಯಲ್ಲಿ ಸೆರಗಿನ ಮೇಲೇ ಎರಡು ಸಲ ಹೊಡೆದುಕೊಂಡೆ. ಊಟಕ್ಕೆ ಕೂತಾಗ ನೋಡುತ್ತೇನೆ, ಚಹಾ ಬಸಿ ಇಟ್ಟು ಎತ್ತಿದ ಹಾಗೆ ದುಂಡನೆ ಕಲೆ. ಬಣ್ಣ ಅಂಚಿಗೆ ಸರಿದು ನಡುವೆ ಪೇಲವ ಆಗಿತ್ತು. ಡ್ರೈಕ್ಲೀನಿಗೂ ಹೋಗಲಿಲ್ಲ. ಈಗಲೂ ಆ ಸೀರೆ ಉಟ್ಟಾಗ ಆ ಭಾಗ ಒಳಗೆ ಬರುವ ಹಾಗೆ ನೆರಿಗೆ ಹಿಡಿಯುತ್ತೇನೆ. ಜರಿಗೂ ಮುತ್ತಿನ ಸರಕ್ಕೂ ಇದೇ ಗತಿ. ಸೆಂಟ್ ಮೊದಲು, ಒಣಗಿದ ಮೇಲೆ ಸೀರೆ, ಕೊನೆಗೆ ಮುತ್ತು.

ಎಷ್ಟು ಹಚ್ಚಬೇಕು? ಕೈ ಚಾಚಿದಷ್ಟು ದೂರದವರಿಗೆ ಗೊತ್ತಾಗಬೇಕು, ಅದರಾಚೆ ಬೇಡ. ಕಷ್ಟ ಏನೆಂದರೆ ಅರ್ಧ ತಾಸಿಗೆ ನಮ್ಮ ಮೂಗಿಗೆ ನಮ್ಮ ಸೆಂಟೇ ತಿಳಿಯುವುದಿಲ್ಲ. ಹೋಯಿತು ಅಂತ ಮತ್ತೆ ಹೊಡೆಯುತ್ತೇವೆ. ಒಮ್ಮೆ ನಾನು ಹಾಗೆ ಮಾಡಿದ್ದಕ್ಕೆ ಮೊಮ್ಮಗ ಪಡಸಾಲೆಯಿಂದಲೇ ಕೂಗಿದ್ದ, "ಆಯಿ, ನೀ ಬರೂದ್ರಾಗ ನಿನ್ನ ವಾಸನಿ ಬಂತು." ಏಪ್ರಿಲ್, ಮೇ ತಿಂಗಳಲ್ಲಿ, ನಲವತ್ತು ಡಿಗ್ರಿ ಬಿಸಿಲಿನಲ್ಲಿ ಹಣ್ಣಿನ ಸಿಹಿ ಎರಡರಷ್ಟು ಭಾರ ಆಗುತ್ತದೆ. ಹಗಲು ಒಂದೇ ಸಲ, ಇಲ್ಲಾ ಸಂಜೆಗೆ ಇಟ್ಟುಕೊಳ್ಳಿ. ಬಾಣಂತಿ ಕೋಣೆಗೆ, ದವಾಖಾನೆಗೆ, ದಮ್ಮು ಇರುವವರ ಮನೆಗೆ ಹೋಗುವಾಗ ಏನೂ ಬೇಡ.

ಬಾಟಲಿ ದೊಡ್ಡದು ಕೊಳ್ಳಬೇಡಿ. ಒಂದು ಸಲ ಒತ್ತಿದರೆ ಸುಮಾರು 0.1 ಎಂಎಲ್ ಬರುತ್ತದೆ. 30 ಎಂಎಲ್ ಬಾಟಲಿಯಲ್ಲಿ ಮುನ್ನೂರು ಸಲ. ದಿನಕ್ಕೆ ಎರಡರಂತೆ ಐದು ತಿಂಗಳು. ಇಡಿಪಿ (ಓ ಡಿ ಪರ್ಫ್ಯೂಮ್) ಅಂತ ಬರೆದಿದ್ದರೆ ಪರಿಮಳದ ಪಾಲು 15ರಿಂದ 20 ಶೇಕಡಾ, ಇಡಿಟಿ (ಓ ಡಿ ಟಾಯ್ಲೆಟ್) ಅಂದರೆ ಅದಕ್ಕಿಂತ ತೆಳು, ಬಾಡಿ ಸ್ಪ್ರೇ ಇನ್ನೂ ತೆಳು. ಗುಲಾಬಿಗೆ ಇಡಿಪಿ ಒಳ್ಳೆಯದು. ತಂದ ಮೇಲೆ ಡಬ್ಬಿ ಬಿಸಾಡಬೇಡಿ, ಅದರಲ್ಲೇ ಇಟ್ಟು ಕಪಾಟಿನಲ್ಲಿಡಿ. ನನಗೆ ಉಡುಗೊರೆ ಬಂದ ಒಂದು ಚಂದದ ಗುಲಾಬಿ ಬಣ್ಣದ ಬಾಟಲಿಯನ್ನು ನೋಡಲು ಚಲೋ ಕಾಣುತ್ತದೆ ಅಂತ ಕಿಟಕಿಯಲ್ಲಿಟ್ಟಿದ್ದೆ. ಒಂದು ಬೇಸಿಗೆಗೆ ಬಣ್ಣ ಚಹಾದಂತಾಗಿ, ಮೊದಲ ವಾಸನೆ ಉಗುರು ಬಣ್ಣದಂತಾಯಿತು. ಬಚ್ಚಲಲ್ಲೂ ಇಡಬೇಡಿ.

ಸ್ಪಿರಿಟ್ ಬೇಡ ಅನ್ನುವವರಿಗೆ ನಮ್ಮೂರಲ್ಲಿ ಅತ್ತರಿಗೇನು ಬರ? ಸುಗಂಧದ ವಿಷಯದಲ್ಲಿ ಈ ಊರು ಹಳೇ ಹುಲಿ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, ಅಂದರೆ 1580ರಿಂದ 1627ರ ನಡುವೆ, ಸುಗಂಧ ತಯಾರಿಸುವ ಬಗ್ಗೆ ಪಾರ್ಸಿಯಲ್ಲಿ ಒಂದು ಪುಸ್ತಕವನ್ನೇ ಇಲ್ಲಿ ಬರೆದಿದ್ದರು. ನಾನು ಸಣ್ಣವಳಿದ್ದಾಗ ಮದುವೆ ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಅಂಗೈ ಹಿಂದೆ ಅತ್ತರ್ ಸವರುತ್ತಿದ್ದರು. ಕಾಕಾ ಒಂದು ಹತ್ತಿ ಉಂಡೆಗೆ ಅದ್ದಿ ಕಿವಿ ಮಡಿಕೆಯಲ್ಲಿ ಇಟ್ಟುಕೊಂಡರೆ ಎರಡು ದಿನ ಮನೆಯೆಲ್ಲ ಘಮಘಮ. ಅತ್ತರನ್ನು ಈಗಲೂ ತೊಲದ ಲೆಕ್ಕದಲ್ಲಿ ಕೇಳುವವರಿದ್ದಾರೆ, ಒಂದು ತೊಲ ಅಂದರೆ ಹತ್ತತ್ತಿರ 12 ಎಂಎಲ್. ಗಾಜಿನ ಕಡ್ಡಿಯಿಂದ ಒಂದು ಚುಕ್ಕೆ ಮೈಗೆ ಮಾತ್ರ ಹಚ್ಚಿ, ಬಟ್ಟೆಗೆ ತಾಗಿದರೆ ಎಣ್ಣೆ ಕಲೆ. ಸೊಸೆಯ ಹಣ್ಣಿನ ಸೆಂಟ್ ಬೇಗ ಹೋಗುತ್ತದೆ ಅನ್ನಿಸಿದ ದಿನ ಕೆಳಗೆ ಒಂದು ಚುಕ್ಕೆ ಗುಲಾಬಿ ಅತ್ತರ್ ಹಚ್ಚಿ ಮೇಲೆ ಅದನ್ನು ಹೊಡೆದುಕೊಳ್ಳಲು ಹೇಳಿದ್ದೇನೆ. ಆ ಉಪಾಯ ಅವಳ ಶಾಲೆಯ ಟೀಚರ್‌ಗಳಿಗೆಲ್ಲ ಹಬ್ಬಿದೆಯಂತೆ.

ಬಾಟಲಿ ಖಾಲಿ ಆದ ಮೇಲೆ ನನಗೆ ಕೊಡುತ್ತಾಳೆ. ಮುಚ್ಚಳ ತೆಗೆದು ಹಾಸಿಗೆ ಹೊದಿಕೆ, ದಿಂಬಿನ ಕವರ್ ಇಟ್ಟ ಅರೆಯ ಮೂಲೆಯಲ್ಲಿ ನಿಲ್ಲಿಸುತ್ತೇನೆ. ನುಸಿಗುಳಿಗೆ ಇರುವ ಅರೆಯಲ್ಲಿ ಅಲ್ಲ, ರೇಷ್ಮೆ ಇರುವ ಅರೆಯಲ್ಲಂತೂ ಅಲ್ಲವೇ ಅಲ್ಲ. ಎರಡು ತಿಂಗಳು ನಡೆಯುತ್ತದೆ.